ಹಂಚಿದ ಕಣಜ: ಸರ್ವರ್ ಸಮೂಹದಲ್ಲಿ ಮಾಹಿತಿಯ ಸಂಗ್ರಹ

ಬಯಲುಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಹಗೇವಿಗೆ ನೀರು ನುಗ್ಗಿತೆಂದರೆ ವರ್ಷದ ಅನ್ನವೇ ಕೊಳೆತುಹೋಗುವುದು. ಆದುದರಿಂದ ಎಲ್ಲ ಧಾನ್ಯವನ್ನೂ ಒಂದೇ ಹಗೇವಿನಲ್ಲಿ ಇಡಬಾರದೆಂಬುದು ಯಾರಿಗಾದರೂ ಹೊಳೆಯುವ ಮಾತು. ಆದರೆ ಎರಡು ಹಗೇವುಗಳನ್ನು ತೋಡಿ, ಎರಡನ್ನೂ ಒಂದೇ ತಗ್ಗಿನಲ್ಲಿ ತೋಡಿದ್ದರೆ? ಮಳೆಯ ನೀರು ಎರಡಕ್ಕೂ ಒಂದೇ ರಾತ್ರಿಯಲ್ಲಿ ನುಗ್ಗುವುದು. ಎಣಿಕೆಯಲ್ಲಿ ಹಗೇವುಗಳು ಎರಡು. ಅಪಾಯದ ಲೆಕ್ಕದಲ್ಲಿ ಒಂದೇ.

ಇಂದು ಧಾನ್ಯದಷ್ಟೇ ಜೋಪಾನದಿಂದ ಕಾಪಾಡಬೇಕಾದ ಇನ್ನೊಂದು ವಸ್ತುವಿದೆ. ಅದೇ ಮಾಹಿತಿ. ಪರೀಕ್ಷೆಯ ಅಂಕಗಳು, ರೋಗಿಗಳ ಚಿತ್ರಪಟಗಳು, ಪ್ರಯೋಗಶಾಲೆಯ ಅಳತೆಗಳು ಎಲ್ಲವೂ ಗಣಕಯಂತ್ರದ ಡಿಸ್ಕುಗಳಲ್ಲಿ ಸೇರಿವೆ. ಹಲವು ಸರ್ವರ್ ಯಂತ್ರಗಳು ತಮ್ಮ ಡಿಸ್ಕುಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಕಣಜದಂತೆ ಬಳಸುವ ಏರ್ಪಾಡಿಗೆ ‘ಸ್ಟೋರೇಜ್ ಪೂಲ್’ ಎಂದು ಹೆಸರು. ಅಂತಹ ಪೂಲನ್ನು ಅಣಿಗೊಳಿಸುವುದು ಹೇಗೆ, ಅದರ ಹಿಂದಿರುವ ತತ್ತ್ವಗಳಾವುವು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಪ್ರೌಢಶಾಲೆಯ ಬೀಜಗಣಿತವೂ ಕೊಂಚ ಸಂಭವನೀಯತೆಯ ಲೆಕ್ಕವೂ ಇದಕ್ಕೆ ಸಾಕು.

ಒಂದು ಡಿಸ್ಕಿನಿಂದ ಹಲವು ಯಂತ್ರಗಳಿಗೆ

1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ರ್‍ಯಾಮ್ಯಾಕ್ ಎಂಬ ಯಂತ್ರವನ್ನು ಹೊರತಂದಿತು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ಈಗ ಅಂಗೈಯಗಲದ ಡಿಸ್ಕೊಂದು 4 ಟೆರಾಬೈಟ್, ಎಂದರೆ 4 ಲಕ್ಷ ಕೋಟಿ ಬೈಟ್ ಮಾಹಿತಿಯನ್ನು ಹಿಡಿಯಬಲ್ಲದು. ಗಾತ್ರ ಕುಗ್ಗಿತು, ಹಿಡಿತ ಹಿಗ್ಗಿತು. ಆದರೆ ಕೆಡುವ ಸ್ವಭಾವ ಮಾತ್ರ ಹೋಗಲಿಲ್ಲ. ಒಂದು ಡಿಸ್ಕು ಒಂದು ವರ್ಷದಲ್ಲಿ ಕೆಡುವ ಸಂಭವ ನೂರಕ್ಕೆ 2 ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಒಂದೇ ಡಿಸ್ಕು ಇರುವವನಿಗೆ ಇದು ಅಪರೂಪದ ವಿಪತ್ತು. 1000 ಡಿಸ್ಕುಗಳಿರುವ ಸಂಸ್ಥೆಗೆ ವರ್ಷಕ್ಕೆ ಸುಮಾರು 20 ಡಿಸ್ಕುಗಳು ಕೆಡುವುವು. ಅಲ್ಲಿ ಕೆಡುವುದೆಂಬುದು ವಿಪತ್ತಲ್ಲ, ದಿನಚರಿಯ ಒಂದು ಭಾಗ.

1988ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯ ಪ್ಯಾಟರ್‌ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು, ಬೆಲೆಬಾಳುವ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೂ ಉಳಿದವು ಅದರ ಕೊರತೆಯನ್ನು ತುಂಬುವಂತೆ ಮಾಡಬಹುದೆಂದು ತೋರಿಸಿದರು. ಇದೇ ‘ರೇಡ್’ ಎಂಬ ಪದ್ಧತಿ. ಆದರೆ ಈ ಡಿಸ್ಕುಗಳೆಲ್ಲವೂ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯೊಳಗೆ ಇರುವುವು. ಆ ಪೆಟ್ಟಿಗೆಯೇ ಕೆಟ್ಟರೆ? ಹಗೇವುಗಳೆಲ್ಲ ಒಂದೇ ತಗ್ಗಿನಲ್ಲಿದ್ದಂತಾಯಿತು. ಹೀಗಾಗಿ ಡಿಸ್ಕುಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಹರಡುವ ವಿಚಾರ ಮುಂದೆ ಬಂದಿತು. ಈ ಜಾತಿಯ ಏರ್ಪಾಡುಗಳಲ್ಲಿ ಪ್ರಸಿದ್ಧವಾದುದು ‘ಸೆಫ್’. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಕ್ರೂಸ್ ಶಾಖೆಯಲ್ಲಿ ಸೇಜ್ ವೈಲ್ ಎಂಬವರು ತಮ್ಮ ಸಂಗಡಿಗರೊಡನೆ ಇದನ್ನು ರೂಪಿಸಿ 2006ರಲ್ಲಿ ವಿದ್ವಾಂಸರ ಮುಂದಿಟ್ಟರು. ಹಲವು ತೋಳುಗಳುಳ್ಳ ಆಕ್ಟೋಪಸ್ ಮುಂತಾದ ಪ್ರಾಣಿಗಳ ವರ್ಗನಾಮವಾದ ‘ಸೆಫಲೋಪಾಡ್’ ಎಂಬುದರಿಂದ ಈ ಹೆಸರು ಬಂದಿದೆ. ಜಿನೀವಾ ನಗರದ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ 2013ರಿಂದ ಇದು ಬಳಕೆಗೆ ಬಂದಿದೆ. ಇದನ್ನು ಯಾರು ಬೇಕಾದರೂ ಹಣ ತೆರದೆ ಪಡೆದು ಬಳಸಬಹುದಾದುದರಿಂದ ನಮ್ಮ ಉದಾಹರಣೆಗೆ ಇದನ್ನೇ ಆರಿಸಿಕೊಳ್ಳುತ್ತೇವೆ.

ದಫ್ತರವಿಲ್ಲದ ಉಗ್ರಾಣ

ಉಗ್ರಾಣದಲ್ಲಿ ಯಾವ ಮೂಟೆ ಎಲ್ಲಿದೆ ಎಂಬುದನ್ನು ತಿಳಿಯಲು ದಫ್ತರವೊಂದು ಬೇಕೆಂದು ನಾವು ಭಾವಿಸುತ್ತೇವೆ. ಆದರೆ ದಫ್ತರವೇ ಕಳೆದುಹೋದರೆ ಉಗ್ರಾಣವಿದ್ದೂ ಇಲ್ಲದಂತೆ. ಅಲ್ಲದೆ ಸಾವಿರಾರು ಮಂದಿ ಒಮ್ಮೆಗೇ ದಫ್ತರ ನೋಡಲು ಬಂದರೆ ಬಾಗಿಲಲ್ಲೇ ನೂಕುನುಗ್ಗಲಾಗುವುದು. ಸೆಫ್‌ನಲ್ಲಿ ತುಣುಕುಗಳ ನೆಲೆಯನ್ನು ಬರೆದಿಡುವ ದಫ್ತರವಿಲ್ಲ. ಪ್ರತಿಯೊಂದು ತುಣುಕೂ ಎಲ್ಲಿರಬೇಕೆಂಬುದನ್ನು ಲೆಕ್ಕ ಹಾಕಿಯೇ ತಿಳಿಯುವರು.

ಕ್ರಮ ಹೀಗೆ: ದೊಡ್ಡ ಕಡತವನ್ನು ಮೊದಲು 4 ಮೆಗಾಬೈಟಿನ ತುಣುಕುಗಳಾಗಿ ಕತ್ತರಿಸುವರು. ಪ್ರತಿಯೊಂದು ತುಣುಕಿಗೂ ಒಂದು ಹೆಸರುಂಟು. ನಿಶ್ಚಿತವಾದ ಒಂದು ಸೂತ್ರದಿಂದ ಆ ಹೆಸರನ್ನು ಒಂದು ಸಂಖ್ಯೆಯನ್ನಾಗಿ ಮಾರ್ಪಡಿಸಿ, ಅದರಿಂದ ತುಣುಕು ಯಾವ ಗುಂಪಿಗೆ ಸೇರಬೇಕೆಂಬುದನ್ನು ಗೊತ್ತುಮಾಡುವರು. ಈ ಗುಂಪುಗಳಿಗೆ ‘ಪ್ಲೇಸ್‌ಮೆಂಟ್ ಗ್ರೂಪ್’ ಎಂದು ಹೆಸರು. ಪೂಲಿನಲ್ಲಿ ಒಟ್ಟು 512 ಗುಂಪುಗಳಿದ್ದರೆ, ಸಂಖ್ಯೆಯನ್ನು 512ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಗುಂಪಿನ ಕ್ರಮಾಂಕ.

ಇನ್ನು ಗುಂಪನ್ನು ಯಂತ್ರಗಳಿಗೆ ಒಪ್ಪಿಸುವುದು. ಇದನ್ನೂ ಶೇಷದಿಂದಲೇ ಮಾಡಬಾರದೇಕೆ? ಮೂರು ಯಂತ್ರಗಳಿದ್ದರೆ 3ರಿಂದ ಭಾಗಿಸಿದರಾಯಿತಲ್ಲ ಎಂದು ವಿದ್ಯಾರ್ಥಿಯೊಬ್ಬನು ಕೇಳಬಹುದು. ನಾಳೆ ನಾಲ್ಕನೆಯ ಯಂತ್ರ ಬಂದಿತೆನ್ನಿ. ಈಗ 4ರಿಂದ ಭಾಗಿಸಬೇಕು. 0ಯಿಂದ 11ರವರೆಗಿನ ಹನ್ನೆರಡು ಸಂಖ್ಯೆಗಳನ್ನು ಬರೆದು ನೋಡಿದರೆ, 0, 1, 2 ಈ ಮೂರಕ್ಕೆ ಮಾತ್ರ ಎರಡು ಶೇಷಗಳೂ ಒಂದೇ. ಎಂದರೆ ಒಂದು ಯಂತ್ರವನ್ನು ಸೇರಿಸಿದ ಮಾತ್ರಕ್ಕೆ ನಾಲ್ಕರಲ್ಲಿ ಮೂರು ಪಾಲು ಸರಕು ಜಾಗ ಬದಲಾಯಿಸಬೇಕಾಗುವುದು! ಆದಕಾರಣ ಸೆಫ್‌ನಲ್ಲಿ ‘ಕ್ರಶ್’ ಎಂಬ ಬೇರೊಂದು ವಿಧಾನವಿದೆ. ಪ್ರತಿಯೊಂದು ಗುಂಪಿಗೂ ಎಲ್ಲ ಯಂತ್ರಗಳು ಒಂದೊಂದು ಕಡ್ಡಿ ಎತ್ತುವುವು ಎಂದು ಭಾವಿಸಿರಿ. ಉದ್ದನೆಯ ಕಡ್ಡಿ ಬಂದ ಯಂತ್ರಕ್ಕೆ ಗುಂಪು ಸಲ್ಲುವುದು. ಕಡ್ಡಿಯ ಉದ್ದವು ಗುಂಪಿನ ಕ್ರಮಾಂಕ, ಯಂತ್ರದ ಕ್ರಮಾಂಕಗಳಿಂದ ಲೆಕ್ಕ ಹಾಕಿದುದಾದ್ದರಿಂದ ಎಷ್ಟು ಸಾರಿ ಎತ್ತಿದರೂ ಅದೇ ಕಡ್ಡಿ ಬರುವುದು. ಹೊಸ ಯಂತ್ರ ಬಂದಾಗ ಹಳೆಯ ಕಡ್ಡಿಗಳು ಬದಲಾಗುವುದಿಲ್ಲ. ಹೊಸದು ಗೆದ್ದ ಗುಂಪುಗಳು ಮಾತ್ರ ಅದರ ಕಡೆಗೆ ಸರಿಯುವುವು. ಮೂರು ಯಂತ್ರ ನಾಲ್ಕಾದಾಗ ನಾಲ್ಕರಲ್ಲಿ ಒಂದು ಪಾಲು ಸರಿದರೆ ಸಾಕು. ದೊಡ್ಡ ಯಂತ್ರಕ್ಕೆ ಹೆಚ್ಚು ಗೆಲುವು ಬರುವಂತೆ ತೂಕವನ್ನೂ ಗೊತ್ತುಮಾಡಬಹುದು.

ಒಂದು ನಷ್ಟದ ಲೆಕ್ಕ

ಇಲ್ಲಿ ನಮ್ಮ ಅನುಭವದ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ವಿದ್ಯಾರ್ಥಿಗಳು ಆಕಾಶದಿಂದ ಬೀಳುವ ಮ್ಯೂಯಾನ್ ಕಣಗಳನ್ನು ಹಗಲಿರುಳೂ ಎಣಿಸುತ್ತಿದ್ದರು. ದಿನಕ್ಕೊಂದು ಕಡತ, ಒಂದೊಂದೂ ಸುಮಾರು 40 ಮೆಗಾಬೈಟ್. ಎರಡು ವರ್ಷದ ಎಣಿಕೆ ಸೇರಿದ್ದಿತು. ಅದನ್ನು ಕಾಪಾಡಲು ಇಂತಹುದೇ ಪೂಲೊಂದನ್ನು ಅಣಿಗೊಳಿಸಿದವರಲ್ಲಿ ನಾವೂ ಒಬ್ಬರು. ಮೊದಲು ಇದ್ದುದು ನಾಲ್ಕು ಡಿಸ್ಕುಗಳ ಒಂದೇ ಯಂತ್ರ. ಪ್ರತಿಯೊಂದು ತುಣುಕಿಗೂ ಎರಡು ಪ್ರತಿಗಳಿರಲಿ, ಎರಡೂ ಬೇರೆ ಬೇರೆ ಡಿಸ್ಕಿನಲ್ಲಿರಲಿ ಎಂದು ನಿಯಮ ಬರೆದೆವು. ಇದ್ದುದು ಒಂದೇ ಯಂತ್ರವಾದ್ದರಿಂದ ‘ಬೇರೆ ಬೇರೆ ಯಂತ್ರದಲ್ಲಿರಲಿ’ ಎಂದು ಬರೆಯುವಂತಿರಲಿಲ್ಲ. ಮುಂದೆ ಅಂತಹವೇ ಇನ್ನೆರಡು ಯಂತ್ರಗಳು ಬಂದುವು. ಕಣಜ ದೊಡ್ಡದಾಯಿತೆಂದು ಎಲ್ಲರಿಗೂ ಸಂತೋಷವಾಯಿತು. ನಿಯಮವನ್ನು ತಿದ್ದುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ, ನಮಗೂ ಆಗಲಿಲ್ಲ.

ಒಂದು ಸಂಜೆ ಒಂದು ಯಂತ್ರದ ವಿದ್ಯುತ್ ಪೂರೈಕೆಯ ಭಾಗ ಸುಟ್ಟು, ಅದರೊಡನೆ ಆ ಯಂತ್ರದ ನಾಲ್ಕು ಡಿಸ್ಕುಗಳೂ ಹಾಳಾದುವು. ಎರಡೆರಡು ಪ್ರತಿಗಳಿವೆಯಲ್ಲ ಎಂದು ನಾವು ಧೈರ್ಯವಾಗಿದ್ದೆವು. ಲೆಕ್ಕವನ್ನು ನೋಡಿರಿ. ಒಟ್ಟು 12 ಡಿಸ್ಕುಗಳಲ್ಲಿ ಎರಡನ್ನು ಆರಿಸುವ ಬಗೆಗಳು 66. ಎರಡೂ ಸುಟ್ಟ ಯಂತ್ರದ ನಾಲ್ಕರೊಳಗೇ ಬೀಳುವ ಬಗೆಗಳು 6. ಎಂದರೆ ಹನ್ನೊಂದರಲ್ಲಿ ಒಂದು ಪಾಲು ತುಣುಕುಗಳ ಎರಡು ಪ್ರತಿಗಳೂ ಅದೇ ಯಂತ್ರದಲ್ಲಿದ್ದುವು. ಹನ್ನೊಂದರಲ್ಲಿ ಒಂದು ತಾನೇ, ಉಳಿದ ಹತ್ತು ಪಾಲು ಕ್ಷೇಮವಲ್ಲವೆ ಎನ್ನಬಹುದು. ಹಾಗಲ್ಲ. 40 ಮೆಗಾಬೈಟಿನ ಕಡತದಲ್ಲಿ 10 ತುಣುಕುಗಳು. ಹತ್ತೂ ಉಳಿದರೆ ಮಾತ್ರ ಕಡತ ಪೂರ್ಣ. ಒಂದೊಂದು ತುಣುಕು ಉಳಿಯುವ ಸಂಭವ 10/11. ಹತ್ತೂ ಉಳಿಯುವ ಸಂಭವ ಈ ಭಿನ್ನರಾಶಿಯ ಹತ್ತನೆಯ ಘಾತ, ಎಂದರೆ ಸುಮಾರು 0.39. ನೂರು ದಿನಗಳ ಕಡತಗಳಲ್ಲಿ 61 ಭಿನ್ನವಾದುವು ಎಂದಾಯಿತು. ನಡೆದುದೂ ಹೆಚ್ಚು ಕಡಮೆ ಹೀಗೆಯೇ. ಆ ವರ್ಷ ಪ್ರಬಂಧ ಬರೆಯಬೇಕಾಗಿದ್ದ ವಿದ್ಯಾರ್ಥಿನಿಯು ಅರ್ಧಕ್ಕಿಂತ ಹೆಚ್ಚು ದಿನಗಳಿಲ್ಲದ ಪಟ್ಟಿಯನ್ನು ಹಿಡಿದು ನಮ್ಮೆದುರು ನಿಂತುದನ್ನು ನಾವು ಮರೆತಿಲ್ಲ.

ಇಲ್ಲಿ ತಪ್ಪಿದುದು ಯಂತ್ರವಲ್ಲ, ನಮ್ಮ ಗಣಿತ. ಎರಡು ಘಟನೆಗಳ ಸಂಭವಗಳನ್ನು ಗುಣಿಸುವಾಗ ಅವು ಪರಸ್ಪರ ಸ್ವತಂತ್ರವಾಗಿರಬೇಕೆಂದು ತರಗತಿಯಲ್ಲಿ ಕಲಿಸುತ್ತೇವೆ. ಒಂದು ಡಿಸ್ಕು ಕೆಡುವ ಸಂಭವ ನೂರಕ್ಕೆ 2, ಎರಡು ಡಿಸ್ಕುಗಳು ಕೆಡುವ ಸಂಭವ ಹತ್ತು ಸಾವಿರಕ್ಕೆ 4 ಎಂಬ ಲೆಕ್ಕ, ಅವೆರಡಕ್ಕೂ ಸಮಾನವಾದ ಕಾರಣವಿಲ್ಲದಿದ್ದಾಗ ಮಾತ್ರ ಸಲ್ಲುವುದು. ಒಂದೇ ವಿದ್ಯುತ್ ಪೂರೈಕೆಯನ್ನು ನೆಚ್ಚಿದ ಡಿಸ್ಕುಗಳು ಸ್ವತಂತ್ರವಲ್ಲ. ಒಟ್ಟಿಗೆ ಕೆಡಬಹುದಾದ ವಸ್ತುಗಳ ಸಮೂಹಕ್ಕೆ ‘ಫೇಲ್ಯೂರ್ ಡೊಮೇನ್’, ಕನ್ನಡದಲ್ಲಿ ಬೇಕಾದರೆ ‘ಅಪಾಯವಲಯ’, ಎನ್ನಬಹುದು. ಡಿಸ್ಕು, ಯಂತ್ರ, ಯಂತ್ರಗಳನ್ನು ಜೋಡಿಸುವ ಕಪಾಟು, ಕೊಠಡಿ, ಹೀಗೆ ಅದು ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಗುವುದು. ಪೂಲನ್ನು ಅಣಿಗೊಳಿಸುವವನು ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಪ್ರತಿ?’ ಎಂಬುದಲ್ಲ, ‘ಯಾವುವು ಒಟ್ಟಿಗೆ ಕೆಡಬಹುದು?’ ಎಂಬುದು. ಪ್ರತಿಗಳು ಕಡೆಯಪಕ್ಷ ಬೇರೆ ಬೇರೆ ಯಂತ್ರಗಳಲ್ಲಿರಬೇಕು; ಯಂತ್ರಗಳ ವಿದ್ಯುತ್ ತಂತಿಗಳೂ ಒಂದೇ ಮೂಲಕ್ಕೆ ಸೇರಿರಬಾರದು.

ಮೂರು ಪ್ರತಿ, ಎರಡರ ನಿಯಮ

ಪ್ರತಿಗಳು ಮೂರು ಇರಬೇಕೆಂಬುದು ಈಗ ರೂಢಿಯಲ್ಲಿರುವ ಪದ್ಧತಿ. ಎರಡೇಕೆ ಸಾಲದು? ಅ, ಆ ಎಂಬ ಎರಡು ಯಂತ್ರಗಳಲ್ಲಿ ಎರಡು ಪ್ರತಿಗಳಿರಲಿ. ಬೆಳಗ್ಗೆ ಅ ಯಂತ್ರವು ಸ್ವಲ್ಪ ಹೊತ್ತು ನಿಂತಿತು. ಕೆಲಸ ನಿಲ್ಲಬಾರದೆಂದು ಹೊಸ ಅಂಕಗಳನ್ನು ಆ ಯಂತ್ರದಲ್ಲಿ ಮಾತ್ರ ಬರೆದರು. ಮಧ್ಯಾಹ್ನ ಆ ಯಂತ್ರವು ಕೆಟ್ಟಿತು. ಅ ಯಂತ್ರವು ಎದ್ದು ಬಂದಿತು. ಈಗ ಉಳಿದಿರುವುದು ಹಳೆಯ ಅಂಕಗಳು. ಇದನ್ನು ತಪ್ಪಿಸಲು ಎರಡನೆಯದೊಂದು ನಿಯಮವುಂಟು: ಕಡೆಯಪಕ್ಷ ಎರಡು ಪ್ರತಿಗಳು ಜೀವಂತವಾಗಿದ್ದರೆ ಮಾತ್ರ ಓದಲು, ಬರೆಯಲು ಅವಕಾಶ, ಒಂದೇ ಉಳಿದರೆ, ಎರಡನೆಯದು ಸಿದ್ಧವಾಗುವವರೆಗೆ ಕೆಲಸ ನಿಲ್ಲುವುದು. ಮೂರು ಪ್ರತಿಗಳಿದ್ದಾಗ ಒಂದು ಯಂತ್ರ ನಿಂತರೂ ಕೆಲಸ ಸಾಗುವುದು, ಎರಡು ನಿಂತರೆ ಕೆಲಸ ನಿಂತರೂ ಮಾಹಿತಿ ಉಳಿಯುವುದು. ಅವಸರದಲ್ಲಿ ಈ ಎರಡನ್ನು ಒಂದಕ್ಕೆ ಇಳಿಸುವವರುಂಟು. ತಡೆದು ನಿಲ್ಲಿಸುವುದೂ ಕಾಪಾಡುವ ಒಂದು ಬಗೆಯೆಂಬುದನ್ನು ಅವರು ಅರಿಯಬೇಕು.

ಬರಿಯ ಜಾಗದ ಬೆಲೆ

ಯಂತ್ರವೊಂದು ನಿಂತಾಗ ಸೆಫ್ ಹತ್ತು ನಿಮಿಷ ಕಾಯುವುದು. ಅಷ್ಟರಲ್ಲಿ ಅದು ಏಳದಿದ್ದರೆ ಅದರಲ್ಲಿದ್ದ ಪ್ರತಿಗಳನ್ನು ಉಳಿದ ಯಂತ್ರಗಳಲ್ಲಿ ಮತ್ತೆ ಕಟ್ಟತೊಡಗುವುದು. 4 ಟೆರಾಬೈಟಿನ ಒಂದೇ ಡಿಸ್ಕನ್ನು ಸೆಕೆಂಡಿಗೆ 100 ಮೆಗಾಬೈಟಿನಂತೆ ತುಂಬಲು 40,000 ಸೆಕೆಂಡು, ಎಂದರೆ 11 ಗಂಟೆಗೂ ಮೇಲೆ ಬೇಕು. ಪೂಲಿನಲ್ಲಾದರೋ ಹಲವು ಡಿಸ್ಕುಗಳು ಈ ಕೆಲಸವನ್ನು ಹಂಚಿಕೊಳ್ಳುವುದರಿಂದ ಅದು ಬೇಗ ಮುಗಿಯುವುದು. ಆದರೆ ಹೀಗೆ ಕಟ್ಟುವುದಕ್ಕೆ ಬರಿಯ ಜಾಗ ಬೇಡವೆ?

ಮೂರು ಯಂತ್ರ, ಯಂತ್ರಕ್ಕೆ ನಾಲ್ಕು ಡಿಸ್ಕು, ಮೂರು ಪ್ರತಿ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ಡಿಸ್ಕೂ ಶೇಕಡ 75 ತುಂಬಿದೆ. ಕಾಲು ಭಾಗ ಖಾಲಿಯಿದೆಯಲ್ಲ, ಭಯವಿಲ್ಲ ಎನಿಸುವುದು. ಒಂದು ಡಿಸ್ಕು ಕೆಟ್ಟಿತು. ಉಳಿದೆರಡು ಯಂತ್ರಗಳಲ್ಲಿ ಆಗಲೇ ಒಂದೊಂದು ಪ್ರತಿ ಇರುವುದರಿಂದ ಮೂರನೆಯದನ್ನು ಅದೇ ಯಂತ್ರದ ಉಳಿದ ಮೂರು ಡಿಸ್ಕುಗಳಲ್ಲಿಯೇ ಕಟ್ಟಬೇಕು. ನಾಲ್ಕರ ಹೊರೆ ಮೂರಕ್ಕೆ: 4 × 75 ÷ 3 = 100. ಡಿಸ್ಕುಗಳು ಕಂಠಪೂರ್ತಿ ತುಂಬುವುವು! ವಾಸ್ತವವಾಗಿ ಹಾಗಾಗಲು ಸೆಫ್ ಬಿಡುವುದಿಲ್ಲ. ನಾವು ಬದಲಾಯಿಸದಿದ್ದರೆ ಅದು ಶೇಕಡ 85ಕ್ಕೆ ಎಚ್ಚರಿಕೆ ಕೊಡುವುದು, 90ಕ್ಕೆ ಪುನಾರಚನೆಯ ಸರಕನ್ನು ಒಲ್ಲೆನ್ನುವುದು, 95ಕ್ಕೆ ಹೊಸ ಬರವಣಿಗೆಯನ್ನೇ ನಿಲ್ಲಿಸುವುದು. ಎಂದರೆ ರಿಪೇರಿ ಅರ್ಧಕ್ಕೆ ನಿಂತು, ಕಣಜವು ಎರಡೇ ಪ್ರತಿಗಳೊಡನೆ ಮತ್ತೊಂದು ವಿಪತ್ತಿನ ದಾರಿ ಕಾಯುತ್ತ ಕುಳಿತುಕೊಳ್ಳುವುದು.

ಹೀಗಿರುವಲ್ಲಿ ನಾಲ್ಕು ಯಂತ್ರಗಳಿರುವುದು ಲೇಸು. ಯಂತ್ರಕ್ಕೆ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಂತೆ ಒಟ್ಟು 64 ಟೆರಾಬೈಟ್. ಮೂರು ಪ್ರತಿಗಳೆಂದರೆ 64ನ್ನು 3ರಿಂದ ಭಾಗಿಸಿ, 21 ಟೆರಾಬೈಟಿಗೆ ಮೇಲೆ ಸಿಗುವುದೆಂದು ಕೊಂಡವರು ಹಿಗ್ಗುವರು. ಆದರೆ ಒಂದು ಯಂತ್ರ ಪೂರ್ತಿ ಹೋದರೂ ಉಳಿದ ಮೂರರಲ್ಲಿ ಎಲ್ಲವೂ ಹಿಡಿಸಬೇಕು. ಉಳಿಯುವುದು 48 ಟೆರಾಬೈಟ್. ಅದರ ಶೇಕಡ 85 ಎಂದರೆ 40.8, ಅದನ್ನು 3ರಿಂದ ಭಾಗಿಸಿದರೆ 13.6. ಕೊಂಡುದು 64, ನಿಶ್ಚಿಂತೆಯಿಂದ ಬಳಸಬಹುದಾದುದು 13.6! ಹಣ ಮಂಜೂರು ಮಾಡುವವರು ಉಳಿದುದನ್ನು ದಂಡವೆಂದು ತಿಳಿಯುವರು. ಅದು ದಂಡವಲ್ಲ, ಬಿತ್ತನೆಗೆಂದು ಮೀಸಲಿಟ್ಟ ಕಾಳು. ಅದನ್ನು ತಿಂದವನಿಗೆ ಮುಂದಿನ ಬೆಳೆಯಿಲ್ಲ.

ಈ ಪೂಲಿಗೆ ಗುಂಪುಗಳೆಷ್ಟಿರಬೇಕು? ಒಂದೊಂದು ಡಿಸ್ಕಿಗೆ ಸುಮಾರು 100 ಬಂದರೆ ಹೊರೆ ಸಮನಾಗಿ ಹಂಚುವುದು. 16 ಡಿಸ್ಕಿಗೆ 1600. ಮೂರು ಪ್ರತಿಗಳಿರುವುದರಿಂದ 3ರಿಂದ ಭಾಗಿಸಿದರೆ 533. ಇದಕ್ಕೆ ಹತ್ತಿರವಾದ ಎರಡರ ಘಾತ 512. ಹೊಸ ಆವೃತ್ತಿಗಳಲ್ಲಿ ಈ ಲೆಕ್ಕವನ್ನು ಸೆಫ್ ತಾನೇ ಮಾಡಿಕೊಳ್ಳುವುದು.

ಪ್ರತಿಯ ಬದಲು ಸಮೀಕರಣ

ಮೂರು ಪ್ರತಿಗಳಿಗೆ ಮೂರರಷ್ಟು ಜಾಗ ಬೇಕು. ಇದನ್ನು ಉಳಿಸಲು ಜಾಣತನದ ಇನ್ನೊಂದು ದಾರಿಯಿದೆ. ಮಾಹಿತಿಯನ್ನು x, y ಎಂಬ ಎರಡು ಸಂಖ್ಯೆಗಳೆಂದು ಭಾವಿಸೋಣ. ಮೊದಲ ಯಂತ್ರದಲ್ಲಿ x, ಎರಡನೆಯದರಲ್ಲಿ y, ಮೂರನೆಯದರಲ್ಲಿ x + y, ನಾಲ್ಕನೆಯದರಲ್ಲಿ x + 2y ಇವುಗಳನ್ನು ಬರೆದಿಡಿರಿ. x = 7, y = 5 ಆದರೆ ನಾಲ್ಕು ಯಂತ್ರಗಳಲ್ಲಿ 7, 5, 12, 17 ಇರುವುವು. ಮೊದಲ ಎರಡು ಯಂತ್ರಗಳು ಹೋದುವೆನ್ನಿ. ಉಳಿದುದು 12 ಮತ್ತು 17. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ y = 5; ಆದುದರಿಂದ x = 7. ನಾಲ್ಕರಲ್ಲಿ ಯಾವ ಎರಡು ಹೋದರೂ ಉಳಿದೆರಡರಿಂದ ಎಲ್ಲವನ್ನೂ ಮರಳಿ ಪಡೆಯಬಹುದು. ಮೂರು ಪ್ರತಿಗಳಂತೆ ಇದೂ ಎರಡು ನಷ್ಟಗಳನ್ನು ತಡೆಯುವುದು. ಜಾಗ ಬೇಕಾದುದು ಮಾತ್ರ ಮೂರರಷ್ಟಲ್ಲ, ಎರಡರಷ್ಟು. ನಾಲ್ಕು ತುಣುಕು, ಎರಡು ಸಮೀಕರಣಗಳಂತೆ ಆರು ಯಂತ್ರಗಳಲ್ಲಿ ಹರಡಿದರೆ ಒಂದೂವರೆಯಷ್ಟು ಸಾಕು.

1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಅಮೆರಿಕದ ಗಣಿತಜ್ಞರು ಪ್ರಕಟಿಸಿದ ಸಂಕೇತಗಳಿಗೆ ಇದೇ ತಳಹದಿ. ಮೊತ್ತಗಳು ಬೆಳೆದು ಜಾಗವನ್ನು ಮೀರದಿರಲೆಂದು ಅವರು ಸಾಂತಕ್ಷೇತ್ರವೆಂಬ ವಿಶೇಷ ಅಂಕಗಣಿತವನ್ನು ಬಳಸಿದರು. ಆದರೆ ಒಂದು ಸಣ್ಣ ಭಾಗವನ್ನು ತಿದ್ದಿದರೂ ಸಮೀಕರಣಗಳನ್ನು ಮತ್ತೆ ಲೆಕ್ಕ ಹಾಕಬೇಕು. ಆದುದರಿಂದ ಒಮ್ಮೆ ಬರೆದು ಬಹುಕಾಲ ಇಡುವ ದೊಡ್ಡ ಕಡತಗಳಿಗೆ ಈ ಪದ್ಧತಿಯೂ, ಗಳಿಗೆಗಳಿಗೆಗೂ ತಿದ್ದುಪಡಿಯಾಗುವ ದಾಖಲೆಗಳಿಗೆ ಮೂರು ಪ್ರತಿಗಳೂ ಒಪ್ಪುವುವು. ಒಂದೇ ಸಮೂಹದಲ್ಲಿ ಎರಡು ಬಗೆಯ ಪೂಲುಗಳನ್ನೂ ಇಟ್ಟುಕೊಳ್ಳಬಹುದು.

ಪಂಚಾಯಿತಿಯ ಬಹುಮತ

ಯಾವ ಯಂತ್ರ ಬದುಕಿದೆ, ಯಾವುದು ಸತ್ತಿದೆ ಎಂದು ತೀರ್ಮಾನಿಸುವವರು ಯಾರು? ಇದಕ್ಕೆ ‘ಮಾನಿಟರ್’ ಎಂಬ ಕಾವಲುಗಾರ ಕಾರ್ಯಕ್ರಮಗಳಿವೆ. ತುಣುಕುಗಳ ನೆಲೆಯನ್ನು ಲೆಕ್ಕ ಹಾಕಲು ಬೇಕಾಗುವ ಯಂತ್ರಗಳ ನಕಾಶೆಯೂ ಇವುಗಳ ಬಳಿಯೇ ಇರುವುದು. ಇವು ಬಹುಮತದಿಂದ ನಡೆಯುವುವು. ನಡುವಣ ತಂತಿ ಕಡಿದು ಸಮೂಹವು ಎರಡು ಹೋಳಾದರೆ, ಎರಡು ಕಡೆಯವರೂ ತಾವೇ ಯಜಮಾನರೆಂದು ಬರೆಯತೊಡಗಿದರೆ ಲೆಕ್ಕಗಳು ಕಲಸಿಹೋಗುವುವು. ಅರ್ಧಕ್ಕಿಂತ ಹೆಚ್ಚು ಕಾವಲುಗಾರರಿರುವ ಹೋಳು ಒಂದೇ ಇರಬಲ್ಲುದು, ಅದಕ್ಕೇ ಅಧಿಕಾರ. ಮೂವರಿದ್ದರೆ ಬಹುಮತ ಇಬ್ಬರು, ಒಬ್ಬನ ನಷ್ಟವನ್ನು ತಾಳಬಹುದು. ನಾಲ್ವರಿದ್ದರೆ ಬಹುಮತ ಮೂವರು, ಆಗಲೂ ತಾಳಬಹುದಾದುದು ಒಬ್ಬನ ನಷ್ಟವನ್ನೇ. ಐವರಿದ್ದರೆ ಇಬ್ಬರ ನಷ್ಟ. ಆದುದರಿಂದ ಕಾವಲುಗಾರರ ಸಂಖ್ಯೆ ಬೆಸವಾಗಿರುವುದು ವಾಡಿಕೆ.

ಕೊನೆಯ ಮಾತು

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿದೇ ಇದೆ. ಯಾರಾದರೂ ಕೈತಪ್ಪಿ ಕಡತವನ್ನು ಅಳಿಸಿದರೆ ಪೂಲು ಆ ಆಜ್ಞೆಯನ್ನು ವಿಧೇಯತೆಯಿಂದ ಮೂರು ಪ್ರತಿಗಳಲ್ಲೂ ನಡೆಸುವುದು. ಮನುಷ್ಯನ ತಪ್ಪಿಗೆ ಮೂರು ಪ್ರತಿಗಳೂ ಸೇರಿ ಒಂದೇ ಅಪಾಯವಲಯ. ಆದುದರಿಂದ ಪೂಲಿಗೆ ಹೊರಗೆ, ಬೇರೊಂದು ಕಟ್ಟಡದಲ್ಲಿ, ಆಗಾಗ ತೆಗೆದಿಟ್ಟ ನಕಲು ಇರಲೇಬೇಕು. ನಾವು ಈಗ ತಿಂಗಳಿಗೊಮ್ಮೆ ಅಂತಹ ನಕಲಿನಿಂದ ಒಂದು ಕಡತವನ್ನು ಮರಳಿ ತೆಗೆದು, ಅದು ಓದಲು ಬರುವುದೋ ಇಲ್ಲವೋ ನೋಡುತ್ತೇವೆ. ಪೂಲನ್ನು ಕಟ್ಟಿದ ದಿನವೇ ಒಂದು ಯಂತ್ರದ ತಂತಿಯನ್ನು ಬೇಕೆಂದೇ ಕಿತ್ತು ಏನಾಗುವುದೆಂದು ನೋಡುವುದೂ ಒಳ್ಳೆಯದು. ಅಂದು ನಾವು ಹಾಗೆ ಮಾಡಿ ನೋಡಿದ್ದರೆ ಆ ವಿದ್ಯಾರ್ಥಿನಿಯ ಎರಡು ವರ್ಷದ ಎಣಿಕೆ ಉಳಿಯುತ್ತಿದ್ದಿತು.

ಅಭ್ಯಾಸಕ್ಕೆ ಮೂರು ಲೆಕ್ಕಗಳು

1. ಐದು ಯಂತ್ರಗಳು, ಯಂತ್ರಕ್ಕೆ 8 ಟೆರಾಬೈಟಿನ ನಾಲ್ಕು ಡಿಸ್ಕುಗಳು, ಮೂರು ಪ್ರತಿಗಳು. ಒಂದು ಯಂತ್ರ ಹೋದಮೇಲೂ ಉಳಿದವು ಶೇಕಡ 85ನ್ನು ಮೀರಬಾರದು. ಎಷ್ಟು ಮಾಹಿತಿಯನ್ನು ಇಡಬಹುದು?

2. ನಾಲ್ಕು ಯಂತ್ರಗಳು, ಯಂತ್ರಕ್ಕೆ ನಾಲ್ಕು ಡಿಸ್ಕುಗಳು, ಎರಡು ಪ್ರತಿಗಳು ‘ಬೇರೆ ಬೇರೆ ಡಿಸ್ಕಿನಲ್ಲಿ’ ಎಂಬ ನಿಯಮ ಮಾತ್ರ ಇದೆ. ಒಂದು ಯಂತ್ರ ಸುಟ್ಟರೆ ಎಷ್ಟನೆಯ ಪಾಲು ತುಣುಕುಗಳು ಪೂರ್ತಿ ನಷ್ಟವಾಗುವುವು?

3. ಮೇಲೆ ಹೇಳಿದ ಸಮೀಕರಣ ಪದ್ಧತಿಯಲ್ಲಿ ಮೂರನೆಯ ಯಂತ್ರದಲ್ಲಿ 23, ನಾಲ್ಕನೆಯದರಲ್ಲಿ 31 ಉಳಿದಿವೆ. ಮೊದಲೆರಡು ಯಂತ್ರಗಳಲ್ಲಿ ಇದ್ದುದೇನು?

ಉತ್ತರಗಳು: (1) ಸುಮಾರು 36.3 ಟೆರಾಬೈಟ್. (2) ಇಪ್ಪತ್ತರಲ್ಲಿ ಒಂದು ಪಾಲು. (3) 15 ಮತ್ತು 8.